ಮದ್ದಿನ ಚೀಲ

ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಊರ ಹೊರಗಿನಿಂದ ಒಂದು ಕೂಗು ಕೇಳುತ್ತಿತ್ತು. "ಹುಶಾರ್... ಹುಶಾರ್..." ಕೂಗುವವನ ಕೈಯಲ್ಲಿ ಕೆಂಪು ಅರಿವೆ. ಕೂಗು ನಿಂತ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಮೂರೂ ಜನರ ಕೈ ನಿಂತುಬಿಡುತ್ತಿದ್ದವು. ನನ್ನ ಕೈ ಮಿಷನ್ನಿನ ಗಾಲಿಯ ಮೇಲೆ, ಹೆಂಡತಿಯ ಕೈ ಹೊಸೆಯುತ್ತಿದ್ದ ಲಾಡಿಯ ಮೇಲೆ, ಅವ್ವನ ಸೂಜಿ ಅರಿವೆಯಲ್ಲಿ ಅರ್ಧ ತೂರಿದ್ದು ಅಲ್ಲಿಯೇ. ಆಮೇಲೆ ನೆಲದ ಕೆಳಗಿನಿಂದ ಧಡ್ ಎಂದು ಬರುತ್ತಿತ್ತು. ನಾಗೊಂದಿಗೆಯ ಮೇಲಿನ ಹಿತ್ತಾಳೆ ಪಾತ್ರೆಗಳು ಹಲ್ಲು ಕಡಿದಂತೆ ಸಪ್ಪಳ ಮಾಡುತ್ತಿದ್ದವು.

"ಭೂಮಿತಾಯಿ ಹೊಟ್ಟಿ ಹರ್ಯಾಕ ಹತ್ಯಾರ," ಅನ್ನುತ್ತಿದ್ದಳು ಅವ್ವ. "ಆಕಿ ಸುಮ್ಮ ಬಿಡೂದಿಲ್ಲ."

ಮಹಾರಾಷ್ಟ್ರ ಬೇರೆ ರಾಜ್ಯವಾಗಿ ಎರಡು ಮೂರು ವರ್ಷ ಆಗಿರಬೇಕು. ಗಡಹಿಂಗ್ಲಜದ ಸುತ್ತ ಎಲ್ಲರಿಗೂ ಕಬ್ಬಿನ ಆಸೆ ಹತ್ತಿತ್ತು. ಕಬ್ಬಿಗೆ ನೀರು ಬೇಕು, ನೀರಿಗೆ ಬಾವಿ ಬೇಕು, ಬಾವಿಗೆ ಕರಿಕಲ್ಲು ಅಡ್ಡ. ಕಲ್ಲಿಗೆ ತೂತು ಹೊಡೆದು, ಮದ್ದು ತುಂಬಿ, ಬತ್ತಿ ಹಚ್ಚಿ ಸುರುಂಗ ಹಾರಿಸುತ್ತಿದ್ದರು. ಊರಿನ ನಾಲ್ಕೂ ದಿಕ್ಕಿಗೆ ಅದೇ ಸಪ್ಪಳ.

ನಾನು ಚೀಲ ಹೊಲಿಯುವವನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟೆ. ಬಿಟ್ಟಿದ್ದಕ್ಕೆ ಯಾರ ಮುಂದೂ ತಲೆ ತಗ್ಗಿಸಿಲ್ಲ, ಇವತ್ತಿಗೂ ತಗ್ಗಿಸುವುದಿಲ್ಲ. ಅಪ್ಪ ಹೋದ ಮೇಲೆ ಇಚಲಕರಂಜಿಗೆ ಹೋಗಿ ಮಗ್ಗದ ಮನೆಗಳಲ್ಲಿ ದುಡಿದೆ. ಅಲ್ಲಿ ಹಗಲೆಲ್ಲ ಮಗ್ಗದ ಖಟಪಟ. ಮಲಗಿದರೂ ಕಿವಿಯೊಳಗೆ ಅದೇ. ಥಾನು ಕತ್ತರಿಸಿದ ಮೇಲೆ ತುದಿಯ ತುಂಡುಗಳನ್ನು ಮೂಲೆಗೆ ಎಸೆಯುತ್ತಿದ್ದರು. ಒಳ್ಳೆಯ ಅರಿವೆ, ಗೇಣುದ್ದ, ಮೊಳದುದ್ದ. ಅದು ಕಸಕ್ಕೆ ಹೋಗುವುದನ್ನು ನೋಡಲಾರದೆ ಆಯ್ದಿಟ್ಟುಕೊಳ್ಳುತ್ತಿದ್ದೆ. ಆ ತುಂಡುಗಳಿಂದಲೇ ಕೈಹೊಲಿಗೆಯಲ್ಲಿ ಎಲೆ ಅಡಿಕೆಯ ಚಂಚಿ ಹೊಲಿಯುವುದನ್ನು ಕಲಿತೆ. ಎಲೆಗೊಂದು ಖಾನೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು; ಸುರುಳಿ ಸುತ್ತಿ ಲಾಡಿ ಬಿಗಿದರೆ ಸೊಂಟದಲ್ಲಿ ಕೂರಬೇಕು. ಜೊತೆಯ ಕೂಲಿಗಳು ಮೊದಲು ನಕ್ಕರು, ಆಮೇಲೆ ಕೊಂಡರು. ಕೆಲವು ವರ್ಷ ಕಳೆದ ಮೇಲೆ ಹಳೆಯ ಮಿಷನ್ನೊಂದನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಊರಿಗೆ ಬಂದೆ.

ಮನೆಯಲ್ಲಿ ಕೆಲಸ ಹಂಚಿಹೋಗಿತ್ತು. ಕತ್ತರಿ ಮತ್ತು ಮಿಷನ್ ನನ್ನದು. ಲಾಡಿ ಹೊಸೆದು ಬಾಯಿಗೆ ಪೋಣಿಸುವುದು ಹೆಂಡತಿಯದು. ಹೊಲಿದ ಚೀಲವನ್ನು ಕಡ್ಡಿಯಿಂದ ತಿರುವಿ, ಮೂಲೆ ಎಬ್ಬಿಸಿ, ಕೈಹೊಲಿಗೆ ಹಾಕುವುದು ಅವ್ವನದು. ಚಂಚಿ, ಕುರಿ ಕಾಯುವವರ ಭಂಡಾರದ ಚೀಲ, ಸಂತೆಗೆ ಒಯ್ಯುವ ಪಿಶವಿ, ಏನಾದರೂ ಸರಿ, ನನ್ನ ಹೊಲಿಗೆ ಎರಡು ಸಲ: ಒಳಗಿನಿಂದ ಒಮ್ಮೆ, ತಿರುವಿ ಹೊರಗಿನಿಂದ ಒಮ್ಮೆ. ಬಿಚ್ಚಿದ ಮೂಲೆ ತಂದು ತೋರಿಸಿದವರಿಗೆ ಹೊಸ ಚೀಲ ಪುಕ್ಕಟೆ ಎಂದು ಪೇಟೆಯಲ್ಲಿ ಹೇಳಿಟ್ಟಿದ್ದೆ. ಯಾರೂ ತರಲಿಲ್ಲ.

ಆ ಮಾತು ಕೇಳಿಯೇ ಸುರುಂಗದ ಕಂತ್ರಾಟುದಾರ ನಮ್ಮ ಮನೆಗೆ ಬಂದದ್ದು. ಕೊಲ್ಹಾಪುರದ ಕಡೆಯವನು. ಜೊತೆಯಲ್ಲಿ ಅವನ ಮುಕಾದಮ, ಕೆಲಸದವರ ಮೇಲ್ವಿಚಾರಣೆಯ ಮನುಷ್ಯ. ಮರಾಠಿಯವನು, ಬಾವಿಗಳ ಮೇಲೆ ಕನ್ನಡದವರ ಜೊತೆ ದುಡಿದು ಅರ್ಧಂಬರ್ಧ ಕನ್ನಡ ಕಲಿತಿದ್ದ.

ಕಂತ್ರಾಟುದಾರ ಮಾತು ತಿರುಗಿಸಲಿಲ್ಲ. ಕಲ್ಲಿನ ತೂತು ಹಸಿ ಇದ್ದರೆ ಮದ್ದು ತೇವ ಹಿಡಿಯುತ್ತದೆ, ಅದಕ್ಕೆ ಮೇಣ ಹಚ್ಚಿದ ಅರಿವೆಯ ಉದ್ದ ಚೀಲದಲ್ಲಿ ತುಂಬಿ ಇಳಿಸಬೇಕು, ಈಗ ಹೊಲಿಸಿದ ಚೀಲಗಳು ಸೋರುತ್ತಿವೆ ಎಂದ. ಮೊನ್ನೆ ಒಬ್ಬ ಆಳು ಹೆಗಲ ಮೇಲೆ ಚೀಲ ಹೊತ್ತು ನಡೆದಿದ್ದಾನೆ. ಹಿಂದೆ ಕಪ್ಪು ಕಾಳಿನ ಗೆರೆ ಬಿದ್ದಿದೆ. ಯಾರೋ ಸೇದಿ ಎಸೆದ ಬೀಡಿ ಆ ಗೆರೆಯ ಮೇಲೆ.

"ಉಳದಾನೇನ್ರಿ?" ಎಂದು ಕೇಳಿದೆ.

"ಉಳದಾನ," ಎಂದ ಮುಕಾದಮ. "ಮಾರಿ ಉಳದಿಲ್ಲ."

ಒಳಗೆ ಹೆಂಡತಿ ಬೀಸುವುದನ್ನು ನಿಲ್ಲಿಸಿದ್ದು ಕೇಳಿಸಿತು. ಆಗ ಅವಳಿಗೆ ದಿನ ತುಂಬಿದ್ದವು.

"ನನ್ನ ಚೀಲ ಸೋರೂದಿಲ್ರಿ," ಎಂದೆ. "ತುಂಬಿ ತೋರಸ್ರಿ ಬೇಕಾದ್ರ. ಒಂದು ಕಾಳು ಉದುರಿದ್ರ ನನ್ನ ಮಿಷನ್ ಬಾವ್ಯಾಗ ಒಗೀರಿ."

ಮುಕಾದಮ ನಕ್ಕ. "ಬಾವ್ಯಾಗ ಒಗದ್ರ ಅದೂ ಹಾರತೈತಿ, ಮಾಲಕ."

ಮಾದರಿಗೆಂದು ಒಂದು ಚೀಲ ಹೊಲಿದುಕೊಟ್ಟೆ. ಮೇಣದರಿವೆಯಲ್ಲಿ ಸೂಜಿ ಕಷ್ಟಪಟ್ಟು ಓಡುತ್ತದೆ, ಹೊಲಿಗೆಯ ತೂತು ದೊಡ್ಡದಾಗುತ್ತದೆ. ನಾನು ಸಣ್ಣ ಸೂಜಿ ಹಾಕಿ, ಗಾಲಿಯನ್ನು ಕೈಯಿಂದ ತಿರುಗಿಸುತ್ತ, ಮೂರನೆಯ ಹೊಲಿಗೆಯನ್ನೂ ಹಾಕಿದೆ. ಬಾಯಿಯ ಕೈಹೊಲಿಗೆ ಅವ್ವ ಹಾಕಿದಳು. ಕಂತ್ರಾಟುದಾರ ಬಂದಾಗ ಅವಳು ಮನೆಯಲ್ಲಿರಲಿಲ್ಲ; ಚೀಲ ಏನಕ್ಕೆ ಎಂದು ಅವಳು ಕೇಳಲಿಲ್ಲ, ಹೇಳುವ ಕಾರಣ ನನಗೂ ತೋರಲಿಲ್ಲ.

ಅದೇ ವಾರ ಮಗ ಹುಟ್ಟಿದ.

ಇವನಿಗಿಂತ ಮೊದಲು ಒಂದು ಕೂಸು ಆಗಿ, ಹೆಂಡತಿಯ ತವರಿನಲ್ಲಿಯೇ ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿತ್ತು. ಅಲ್ಲಿ ನೋಡಿಕೊಳ್ಳಲು ತಾಯಿ ಇರಲಿಲ್ಲ, ಬಂದವರೆಲ್ಲ ಕೂಸನ್ನು ಎತ್ತಿ ನೋಡಿದರು, ದೃಷ್ಟಿ ತಗುಲಿತು ಎಂಬುದು ಅವ್ವನ ಲೆಕ್ಕ. ಅದಕ್ಕೇ ಈ ಸಲದ ಬಾಣಂತನ ನಮ್ಮ ಮನೆಯಲ್ಲಿ, ಅವ್ವನ ಕೈಯಲ್ಲಿ. ಬಾಗಿಲಿಗೆ ಕಂಬಳಿಯ ಪರದೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೇಗಡಿ. ಕೂಸಿಗೆ ಎರೆದ ಮೇಲೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಆ ಕೆಂಡಕ್ಕೆ ಓಮು, ಲೋಬಾನ, ಬಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡುತ್ತಿದ್ದಳು. ಒಂದೊಂದಕ್ಕೂ ನಾನು ಹೊಲಿದ ಒಂದೊಂದು ಸಣ್ಣ ಚೀಲ ಹೊರಸಿನ ಕಾಲಿಗೆ ಕಟ್ಟಿತ್ತು.

ಆದರೂ ಕೂಸು ಹೊತ್ತು ಮುಳುಗುತ್ತಲೇ ಅಳಲು ಹತ್ತುತ್ತಿತ್ತು. ಮುಷ್ಟಿ ಬಿಗಿದು, ನೀಲಿಗಟ್ಟಿ ಅಳುತ್ತಿತ್ತು. ಮೊಲೆ ಹಿಡಿಯುತ್ತಿರಲಿಲ್ಲ. ಅವ್ವನ ಮುಖ ನೋಡಿದರೆ ಹಿಂದಿನ ಕೂಸು ನೆನಪಾಗಿದೆ ಎಂದು ತಿಳಿಯುತ್ತಿತ್ತು.

ನಾನು ಅರಿವೆ, ದಾರ ತರಲು ಕೊಲ್ಹಾಪುರಕ್ಕೆ ಹೊರಟ ದಿನ ಬೆಳಗಿನ ಜಾವ ಅವ್ವ ಬಾಗಿಲಿನ ತನಕ ಬಂದಳು. "ದೊಡ್ಡ ಪೇಟಿ ಐತಿ ಅಲ್ಲೆ. ಕೂಸಿಗೆ ಏನರೆ ಮದ್ದು ನೋಡಿ ತಗೊಂಬಾರೋ. ಸಿಕ್ರ ಯಾರ ಕೈಯಾಗರೆ ಮೊದಲ ಕಳಸು. ಈ ಕೂಸು ಹ್ವಾದ್ರ ನಾ ಉಳ್ಯೂದಿಲ್ಲ."

ಪೇಟೆಯವರೆಲ್ಲ ಆಗಲೇ ಔಷಧ ಎನ್ನುತ್ತಿದ್ದರು. ಅವ್ವನ ಬಾಯಲ್ಲಿ ಮಾತ್ರ ಹಳೆಯ ಮಾತೇ, ಮದ್ದು. ನಾನು ಬಾವಿಯ ಮದ್ದಿಗೆ ಚೀಲ ಹೊಲಿಯಲು ಹೊರಟಿದ್ದೆ, ಅವಳು ಹೊಟ್ಟೆನೋವಿನ ಮದ್ದು ಕೇಳಿದಳು. ಎರಡಕ್ಕೂ ಒಂದೇ ಮಾತು ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ. "ತರತೇನಿ ಬಿಡ ಅವ್ವಾ," ಎಂದು ಬಸ್ಸು ಹತ್ತಿದೆ.

ಕೊಲ್ಹಾಪುರದಲ್ಲಿ ಗಿಡಮೂಲಿಕೆಯ ಅಂಗಡಿಯಲ್ಲಿ ಕೂಸಿಗೆ ತೇದು ಹಾಕುವ ಗುಟ್ಟಿಯ ಬೇರು ಕಟ್ಟಿಸಿಕೊಂಡು ಕಿಸೆಯಲ್ಲಿಟ್ಟೆ. ದಾರ ಕೊಂಡೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಬಂದರೆ ಎದುರಿನ ಚಹಾದ ಅಂಗಡಿಯಲ್ಲಿ ಮುಕಾದಮ ಕೂತು ಭಜಿ ತಿನ್ನುತ್ತಿದ್ದ. ಬತ್ತಿ ಕೊಳ್ಳಲು ಮುಂಜಾನೆಯ ಟ್ರಕ್ಕಿನಲ್ಲಿ ಬಂದಿದ್ದನಂತೆ.

"ಯಾ ಯಾ, ಚೀಲದ ಮಾಲಕ! ತುಮಚಾ ಮಾಲ ಪಾಸ್! ಒಂದು ಕಾಳು ಬಿದ್ದಿಲ್ಲ. ತುಂಬಿದ್ದು ನಿಮ್ಮ ಮನಿಗೇ ಕೊಟ್ಟ ಬಂದೇನಿ. ನೋಡ್ಕೋರಿ, ತೋರಸ್ರಿ ಅಂದಿದ್ರಲ್ಲಾ."

"ಮನಿಗ್ಯಾ?"

"ನಿಮ್ಮ ಆಯೀ ಭಾರೀ ಹಾಯ್!" ಎಂದು ತೊಡೆ ತಟ್ಟಿದ. "ಇದೇನು ಅಂತ ಕೇಳಿದ್ಳು. ದಾರೂ ಹಾಯ್, ಅಂದೆ. ಮುದುಕಿ ಕಸಬರಿಗಿ ತಗೊಂಡ್ಳು! 'ಲಿಂಗಾ ಕಟ್ಟಿದವರ ಮನಿಗೆ ದಾರೂ ತರತಿಯೇನೋ, ಭಾಡ್ಯಾ' ಅಂತ!"

ಮರಾಠಿಯಲ್ಲಿ ಸುರುಂಗದ ಮದ್ದಿಗೆ ದಾರೂ ಎನ್ನುತ್ತಾರೆ. ಕುಡಿಯುವುದಕ್ಕೂ ದಾರೂ ಎನ್ನುತ್ತಾರೆ. ಅವ್ವನಿಗೆ ಗೊತ್ತಿದ್ದದ್ದು ಎರಡನೆಯದು ಮಾತ್ರ. ನನಗೂ ನಗು ಬಂತು.

"ಮುಂದ?"

"ಮುಂದ ನಿಮ್ಮ ಕಾನಡೀ ಶಬ್ದ ನೆನಪ ಬಂತು ನನಗ. ಮದ್ದು! ಕುಡ್ಯೂ ದಾರೂ ಅಲ್ಲ ಆಯೀ, ಮದ್ದು, ನಿನ್ನ ಮಗಂದ ಮದ್ದು, ಅಂದೆ. ಲಗೇಚ ಖುಷ್! ಹೊಲಿಗಿ ನೋಡಿದ್ಳು, 'ಹೌದು, ನನ್ನ ಮಗನ ಕೈ' ಅಂದ್ಳು. ಕಣ್ಣಿಗೆ ಒತ್ತಿಕೊಂಡ್ಳು."

ನನ್ನ ನಗು ನಿಂತಿತು.

ಅವನು ಇನ್ನೂ ನಗುತ್ತಿದ್ದ. "'ಹೊಗಿಗೇನ್ರಿ' ಅಂತ ಕೇಳಿದ್ಳು. ಮುದುಕಿಗೆ ಎಲ್ಲಾ ಗೊತ್ತೈತಿ ನೋಡು ಅಂದ್ಕೊಂಡೆ. ಹೂಂ ಆಯೀ, ಹೊಗಿ ಭಾಳ, ಬಾವಿ ತುಂಬ ಹೊಗಿ, ಅಂದೆ."

"ಬೆಂಕಿ ಹತ್ರ ಇಡಬ್ಯಾಡಂತ ಹೇಳಿದ್ಯೋ ಇಲ್ಲೋ?"

"ಸಾಂಗಿತಲಂ ಕೀ! ವಿಸ್ತವಾಪಾಸೂನ ಲಾಂಬ ಠೇವಾ, ಮ್ಹಟಲಂ. ಗೋಣ ಹಾಕಿದ್ಳು."

ಬೆಂಕಿಯಿಂದ ದೂರ ಇಡು ಎಂದು ಮರಾಠಿಯಲ್ಲಿ ಹೇಳಿದ್ದಾನೆ. ಅವ್ವ ಹುಕ್ಕೇರಿ ಕಡೆಯ ಹಳ್ಳಿಯವಳು. ತಿಳಿಯದ ಮಾತಿಗೆ ಗೋಣು ಹಾಕುವುದು ಅವಳ ಪದ್ಧತಿ.

"ಮನ್ಯಾಗ ಬಾಣಂತಿ ಅದಾಳ," ಎಂದೆ. "ಹೊರಸಿನ ಕೆಳಗ ಶೇಗಡಿ ಐತಿ."

ಬಾಣಂತಿ ಎಂಬ ಮಾತು ಎರಡೂ ಭಾಷೆಯಲ್ಲಿ ಹತ್ತಿರ ಹತ್ತಿರ. ಮುಕಾದಮನ ಕೈಯಲ್ಲಿದ್ದ ಭಜಿ ಬಾಯಿಗೆ ಹೋಗಲಿಲ್ಲ.

ಅಂಚೆ ಕಚೇರಿಗೆ ಹೋಗಿ ತಾರು ಕೊಡಬೇಕೆ? ತಾರು ಮುಟ್ಟುವುದರೊಳಗೆ ಬಸ್ಸು ಮುಟ್ಟುತ್ತದೆ. ಬಸ್ಸು ಹೊರಡಲು ನಿಂತಿತ್ತು. ದಾರದ ಗಂಟನ್ನು ಬೆಂಚಿನ ಮೇಲೆಯೇ ಬಿಟ್ಟು ಹತ್ತಿದೆ.

ಮುಂಜಾನೆಯ ಹೊಗೆ ಆಗಿಹೋಗಿರಬೇಕು. ಆಗಬಾರದ್ದು ಆಗಿದ್ದರೆ ಆಗಿಯೇ ಬಿಟ್ಟಿದೆ. ಆಗಿಲ್ಲವಾದರೆ ಇನ್ನೊಂದು ಉಳಿದಿದೆ, ದೀಪ ಹಚ್ಚುವ ಹೊತ್ತಿನದು. ಇಷ್ಟೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ಚಳಿಗಾಲದ ಹೊತ್ತು, ಬೇಗ ಇಳಿಯುವಂಥದು.

ಕಾಗಲದಲ್ಲಿ ಡ್ರೈವರ್ ಇಳಿದು ಚಹಾಕ್ಕೆ ಹೋದ. ನಾನು ಎದ್ದು ಬಾಗಿಲಲ್ಲಿ ನಿಂತೆ.

"ಕುಂಡ್ರಿ ಮಾಲಕ," ಎಂದ ಕಂಡಕ್ಟರ್. "ನೀವು ನಿಂತ್ರ ಬಸ್ಸೇನು ಓಡೂದಿಲ್ಲ."

"ಮನ್ಯಾಗ ಜೀವದ ಪ್ರಶ್ನೆ ಐತ್ರಿ."

"ಎಲ್ಲಾರ ಮನ್ಯಾಗೂ ಐತಿ. ನನ್ನ ಮನ್ಯಾಗ ಎರಡ ಹೆಂಡ್ರು ಅದಾರ."

ಬಸ್ಸಿನ ತುಂಬ ನಗೆ. ನಾನು ಅವನ ಮುಖವನ್ನು ನೋಡಿದೆ, ಅಷ್ಟೇ. ಅವನು ನಗುವುದನ್ನು ಬಿಟ್ಟು ಚಹಾದ ಅಂಗಡಿಯ ಕಡೆಗೆ ಸೀಟಿ ಊದಿದ.

ರಸ್ತೆಯ ಎರಡೂ ಬದಿಗೆ ಬೆಲ್ಲದ ಗಾಣಗಳು. ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ತುರುಕುತ್ತಿದ್ದರು, ಉರಿ ನಾಲಗೆ ಹೊರಹಾಕಿ ಒಳಗೆ ಹೋಗುತ್ತಿತ್ತು. ಮೊದಲು ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೇನೆ, ಬೆಲ್ಲದ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು. ಅವತ್ತು ಪ್ರತಿ ಒಲೆಯೂ ಒಂದೊಂದು ಸುದ್ದಿಯಂತೆ ಕಂಡಿತು. ಪಕ್ಕದಲ್ಲಿ ಕೂತ ಮುದುಕ ಬೀಡಿ ಹಚ್ಚಿದ. ಅದರ ತುದಿ ಕೆಂಪಗಾಗಿ, ಬೂದಿಯಾಗಿ, ಮತ್ತೆ ಕೆಂಪಗಾಗುವುದನ್ನು ನಿಪ್ಪಾಣಿ ಬರುವವರೆಗೂ ನೋಡಿದೆ. ಸಂಕೇಶ್ವರ ದಾಟಿದಾಗ ಹೊತ್ತು ಗುಡ್ಡದ ಅಂಚಿಗೆ ತಾಗಿತ್ತು. ದೂರದಲ್ಲಿ ಎಲ್ಲಿಯೋ ಒಂದು ಧಡ್ ಕೇಳಿಸಿತು. ಅದು ಸುರುಂಗದ ಹೊತ್ತಲ್ಲ.

"ಎಲ್ಲಿದು?" ಎಂದು ಕೂಗಿಬಿಟ್ಟೆ.

"ಟಾಯರ್ ಇರಬೇಕಪ್ಪಾ," ಎಂದ ಬೀಡಿಯ ಮುದುಕ. "ಯಾವುದರೆ ಟ್ರಕ್ಕಿಂದು."

ಗಡಹಿಂಗ್ಲಜದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಜಿಗಿದೆ. ಅಂಗಡಿಗಳಲ್ಲಿ ಕಂದೀಲು ಹಚ್ಚುತ್ತಿದ್ದರು. ನಮ್ಮ ಓಣಿಯ ತಿರುವಿನಲ್ಲಿ ನಿಂತು ನೋಡಿದೆ: ಮನೆ ಇತ್ತು. ಹಂಚು ಹಂಚಿನ ಜಾಗದಲ್ಲಿದ್ದವು. ಆದರೆ ಬಾಗಿಲಲ್ಲಿ ನೆರೆಮನೆಯ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಹೊರಗಽ ನಿಲ್ಲೋ ಅಣ್ಣಾ. ನಿಮ್ಮವ್ವ ದೃಷ್ಟಿ ತಗ್ಯಾಕ ಹತ್ಯಾಳ. ಎಂಥಾ ದೃಷ್ಟಿ ಅಂತಿ, ಮುಂಜಾನೆ ಒಂದ ಚಿವುಟಿ ಮದ್ದಿಗೆ ಆಳುದ್ದ ಉರೀತಂತ!"

ಆಮೇಲೆ ಹೆಂಡತಿ ಹೇಳಿದ್ದು ಇದು. ದಾರಿಯ ಪೇಟೆಯಲ್ಲಿಯೇ ಮದ್ದು ಸಿಕ್ಕು ನಾನು ಕಳಿಸಿದ್ದೇನೆ ಎಂದು ಅವ್ವ ಅಂದಳಂತೆ, ಪರದೆಯ ಒಳಗಿದ್ದು ಮುಕಾದಮನನ್ನು ಕಾಣದ ಹೆಂಡತಿಯೂ ಹಾಗೆಯೇ ನಂಬಿದ್ದಳು. ಮುಂಜಾನೆ ಅವ್ವ ಚೀಲದ ಬಾಯಿ ಬಿಚ್ಚಿ ಮೂಸಿದ್ದಾಳೆ. ಗಂಧಕದ ವಾಸನೆ. ಗಂಧಕ ಅವಳಿಗೆ ಹೊಸದಲ್ಲ, ಎಣ್ಣೆಯಲ್ಲಿ ಕಲಸಿ ಕಜ್ಜಿಗೆ ಹಚ್ಚುತ್ತಿದ್ದಳು. ಕಪ್ಪು ಪುಡಿ, ಸುಟ್ಟ ಬೇರಿನದು ಇರಬೇಕು ಎಂದುಕೊಂಡಳು. ಕೂಸಿಗೆ ಎರೆದ ಮೇಲೆ ಒಂದು ಚಿವುಟಿ ಕೆಂಡಕ್ಕೆ ಹಾಕಿದಳು. ಭಸ್ ಎಂದು ಉರಿ ಎದ್ದು ಅವಳ ಹುಬ್ಬು ಸುಟ್ಟಿತು, ಕೋಣೆಯ ತುಂಬ ಬಿಳಿ ಹೊಗೆ. ಹೆಂಡತಿ ಕೂಸನ್ನು ಅವಚಿಕೊಂಡು "ಇದೇನ್ರಿ ಅತ್ತಿ!" ಎಂದು ಚೀರಿದಳು. ಅವ್ವ ಹೆದರಲಿಲ್ಲ. ದೃಷ್ಟಿ ತೆಗೆದು ಬೆಂಕಿಗೆ ಹಾಕಿದ್ದು ಎಷ್ಟು ಉರಿದರೆ ಅಷ್ಟು ದೃಷ್ಟಿ ತಗುಲಿತ್ತು ಎಂದು ನಮ್ಮವರ ನಂಬಿಕೆ. "ನೋಡಿದಿ? ಎಷ್ಟ ಕಣ್ಣು ಬಿದ್ದಿದ್ದೂವು ಕೂಸಿನ ಮ್ಯಾಲೆ! ಒಂದ ಚಿವುಟಿಗೆ ಇಷ್ಟ ಉರೀತಂದ್ರ ಒಳಗ ಇನ್ನೆಷ್ಟ ಐತೋ. ಸಂಜಿಕೆ ಪೂರಾ ಚೀಲ ನಿವಾಳಿಸಿ ಹಾಕಿಬಿಡೂಣು." ಹೇಗೋ ಏನೋ, ಆ ದಿನ ಕೂಸು ಎಂದಿಲ್ಲದಂತೆ ಹಗಲೆಲ್ಲ ಸುಮ್ಮನೆ ಮಲಗಿತ್ತು. ಅವ್ವನಿಗೆ ಇನ್ನೇನು ಬೇಕು?

ಕಂಬಳಿ ಸರಿಸಿ ಒಳಗೆ ಹೋದೆ. ಹೆಂಡತಿ ಹೊರಸಿನ ಮೇಲೆ, ತೊಡೆಯಲ್ಲಿ ಕೂಸು. ಶೇಗಡಿಯನ್ನು ಹೊರಸಿನ ಕೆಳಗಿನಿಂದ ಎಳೆದು ಕಾಲ ಬಳಿ ಇಟ್ಟಿದ್ದರು, ಗಾಳಿ ಹಾಕಿ ಹಾಕಿ ಕೆಂಡ ನಿಗಿನಿಗಿ ಆಗಿತ್ತು. ಅವ್ವ ಒಂದು ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ, ಇನ್ನೊಂದರಲ್ಲಿ ನನ್ನ ಚೀಲ ಹಿಡಿದು ಕೂಸಿನ ಮೇಲೆ ಸುತ್ತಿಸುತ್ತಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಅವ್ವಾ! ಬ್ಯಾಡ! ಹಾಕಬ್ಯಾಡ!"

ಅವಳು ತಿರುಗಲಿಲ್ಲ. ನಿವಾಳಿಸುವಾಗ ಯಾರು ಕರೆದರೂ ಓ ಎನ್ನಬಾರದು, ಅಂದರೆ ತೆಗೆದದ್ದು ತಿರುಗಿ ಹತ್ತುತ್ತದೆ. ನಾನು ಕೂಗಿದಷ್ಟೂ ಅವಳು ಬಾಯಿ ಬಿಗಿ ಹಿಡಿದಳು. ಕಡೆಯ ಸುತ್ತು ಮುಗಿಸಿ ಕೆಂಡದ ಕಡೆ ಬಾಗಿದಳು.

ಎರಡೂ ರಟ್ಟೆ ಹಿಡಿದೆ. ಮುದುಕಿ ಅನ್ನಬೇಡಿ, ಅವತ್ತಿನ ಅವಳ ಬಲ ನನ್ನ ಮಗ್ಗದ ಕೈಗೂ ಮಿಕ್ಕಿತ್ತು. ಉಪ್ಪು ಮೆಣಸಿನಕಾಯಿ ಕೆಂಡಕ್ಕೆ ಬಿತ್ತು. ಚೀಲ ಅವಳ ಕೈಯಿಂದ ಜಾರಿ ಲಾಡಿಯ ತುದಿ ಬೆರಳಿಗೆ ಸಿಕ್ಕು ಶೇಗಡಿಯ ಮೇಲೆಯೇ ತೂಗಾಡಿತು, ಕೆಂಡದ ಬೆಳಕು ಮೇಣದರಿವೆಯ ಮೇಲೆ ಬಿದ್ದು ಹೊಳೆಯಿತು. ನಾನು ಹೊಲಿಗೆಯನ್ನೇ ನೋಡುತ್ತಿದ್ದೆ. ಒಂದು ಕಾಳು ಉದುರಲಿಲ್ಲ. ಹೆಂಡತಿ ಹೊಸೆದ ಲಾಡಿ ಬಾಯಿಯನ್ನು ಕಚ್ಚಿ ಹಿಡಿದಿತ್ತು.

ಮೆಣಸಿನಕಾಯಿಯ ಘಾಟಿಗೆ ಕಣ್ಣು ಕಾಣಲಿಲ್ಲ. ಚೀಲವನ್ನು ಎದೆಗೆ ಒತ್ತಿ ಹಿಡಿದು ಹಿತ್ತಲಿಗೆ ಓಡಿ ದನದ ಬಾನಿಯ ನೀರಿನಲ್ಲಿ ಮುಳುಗಿಸಿದೆ. ಗುಳ್ಳೆ ಏಳುವುದು ನಿಲ್ಲುವವರೆಗೂ ಒತ್ತಿಯೇ ಹಿಡಿದಿದ್ದೆ. ಒಳಗೆ ಕೂಸು ಅಳಲು ಹತ್ತಿತ್ತು.

ಎಲ್ಲ ತಿಳಿಸಿ ಹೇಳಿದ ಮೇಲೆ ಅವ್ವ ಗೋಡೆಗೆ ಒರಗಿ ಕೂತಳು. "ಮದ್ದು ಅಂದ್ನಲ್ಲೋ ಅಂವ."

"ಸುರುಂಗದ ಮದ್ದು, ಅವ್ವಾ. ಪೂರಾ ಬಿದ್ದಿದ್ರ ನೀನೂ ಇರ್ತಿದ್ದಿಲ್ಲ, ಕೂಸೂ ಇರ್ತಿದ್ದಿಲ್ಲ."

ಸುಟ್ಟ ಹುಬ್ಬನ್ನು ಸವರಿಕೊಂಡಳು. "ಅದು ಖರೇನ ಇರಬೇಕು. ಆದ್ರ ಅರ್ಧಕ್ಕ ನಿಂತಿತಲ್ಲೋ. ತಗದದ್ದು ಎಲ್ಲೆ ಹೋತು ಈಗ? ಮನ್ಯಾಗಽ ಐತಿ," ಎಂದಳು. ಕಿಸೆಯಿಂದ ಗುಟ್ಟಿಯ ಬೇರು ತೆಗೆದುಕೊಟ್ಟರೆ ಅದನ್ನು ಮುಟ್ಟುವ ಮೊದಲು ನನ್ನನ್ನು ನೋಡಿದಳು. "ಇದೇನಿದು?"

"ಔಷಧ," ಎಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಔಷಧವೇ.

ಹೆಂಡತಿ ಮರುದಿನ ಒಂದೇ ಮಾತು ಕೇಳಿದಳು. "ಇನ್ನ ಆ ಚೀಲ ಹೊಲೀತೀರೇನು?"

"ಹೊಲೀತೇನಿ. ನಾ ಬಿಟ್ರ ಯಾರರೆ ಸೋರೂವಂಥಾವು ಹೊಲೀತಾರ. ಇನ್ನೊಬ್ಬನ ಮಾರಿ ಹೋಗತೈತಿ."

ಅಂದಿನಿಂದ ಅವಳು ಆ ಚೀಲಗಳಿಗೆ ಲಾಡಿ ಹೊಸೆಯಲಿಲ್ಲ, ಅವ್ವನೂ ಕೈಹೊಲಿಗೆ ಹಾಕಲಿಲ್ಲ. ಎಲ್ಲ ನಾನೇ ಮಾಡಿದೆ. ತುಂಬಿದ ಚೀಲ ಓಣಿಯೊಳಗೆ ಕಾಲಿಡಬಾರದೆಂದು ಕಂತ್ರಾಟುದಾರನಿಗೆ ಹೇಳಿದ್ದೆ; ಮುಕಾದಮ ಆಮೇಲೆ ನಮ್ಮ ಬಾಗಿಲಿಗೆ ಬಂದರೂ ಹೊರಗೇ ನಿಂತು ಮಾತಾಡುತ್ತಿದ್ದ. ಸುತ್ತಿನ ಎಷ್ಟೋ ಬಾವಿಗಳು ನನ್ನ ಚೀಲದಿಂದಲೇ ಆಳಕ್ಕೆ ಹೋದವು. ಸೋರಿತು ಎಂಬ ಮಾತು ಬರಲಿಲ್ಲ.

ಮಗ ಬೆಳೆಯುತ್ತ ಹೋದ. ಜ್ವರ ಬಂದರೆ, ಹೊಸ್ತಿಲು ಎಡವಿದರೆ, ಅವ್ವ ಅರ್ಧಕ್ಕೆ ನಿಂತ ನಿವಾಳಿಯನ್ನು ನೆನೆದು ನನ್ನ ಕಡೆಗೆ ನೋಡುತ್ತಿದ್ದಳು. ಮಧ್ಯಾಹ್ನದ ಕೂಗು ಮಾತ್ರ ತಪ್ಪಲಿಲ್ಲ. ಹುಶಾರ್, ಹುಶಾರ್. ಕೂಗು ನಿಂತು, ಆ ಏನೂ ಇಲ್ಲದ ಹೊತ್ತು ಬಂದಾಗ ಅವ್ವ ಮಗನ ಎದೆಯ ಮೇಲೆ ಅಂಗೈ ಇಡುತ್ತಿದ್ದಳು. ಧಡ್ ಎಂದ ಮೇಲೆ, ಪಾತ್ರೆಗಳು ಸುಮ್ಮನಾದ ಮೇಲೆ, ಕೇಳುತ್ತಿದ್ದಳು.

"ಚೀಲ ನಿಂದೇನೋ?"

"ಹೂಂ. ನಂದಽ."

ಮಗನಿಗೆ ಮಾತು ಬಂದ ವರ್ಷ ಒಂದು ಮಧ್ಯಾಹ್ನ ನೆಲ ನಡುಗಿತು. ಅವ್ವ ಬಾಯಿ ತೆರೆಯುವುದರೊಳಗೆ ಅವನು ಚಿಂದಿಯ ರಾಶಿಯಿಂದ ತಲೆ ಎತ್ತಿ, ಅವಳದೇ ಧಾಟಿಯಲ್ಲಿ, ನನ್ನನ್ನು ಕೇಳಿದ.

"ಅಪ್ಪಾ, ನಿಂದೇನ?"

ನನ್ನ ಕೈ ಗಾಲಿಯ ಮೇಲಿತ್ತು. ಅವತ್ತು ಅದನ್ನು ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು.